ಹಿಕ್ಕೆ ನೋಡಿ ಪ್ರಾಣಿ ಹೇಳುವುದು



ಯಾರಾದರೂ ಊಟಕ್ಕೆ ಕುಳಿತಿದ್ದರೆ ರೇಡಿಯೊದ ದನಿಯನ್ನು ಸ್ವಲ್ಪ ಹೊತ್ತು ತಗ್ಗಿಸಿಕೊಳ್ಳಿ. ಇವತ್ತಿನ ಮಾತು ಕಾಡುಪ್ರಾಣಿಗಳ ಹಿಕ್ಕೆ, ಲದ್ದಿ, ಮಲದ ಬಗ್ಗೆ. ಆಡು, ಕುರಿ, ಎತ್ತು, ಎಮ್ಮೆ ಕಟ್ಟಿಕೊಂಡು ಬದುಕುವ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಹೆಂಡಿ ಕಂಡರೆ ಮೂಗು ಮುಚ್ಚಿಕೊಳ್ಳುವವರು ಕಡಿಮೆ ಎಂಬ ಧೈರ್ಯದಿಂದ ಈ ವಿಷಯ ಎತ್ತಿಕೊಂಡಿದ್ದೇನೆ.

ದತ್ತಕ್ಷೇತ್ರ ಗಾಣಗಾಪುರಕ್ಕೆ ಹೋದವರಿಗೆಲ್ಲ ಸಂಗಮದ ದಾರಿ ಗೊತ್ತು. ನಿರ್ಗುಣ ಪಾದುಕೆಗಳ ಗುಡಿಯಿಂದ ಸುಮಾರು 3 ಕಿಲೊಮೀಟರ್. ಟಂಟಂ ಸಿಗುತ್ತವೆ, ಆದರೂ ನಡೆದೇ ಹೋಗುವ ಭಕ್ತರು ಬಹಳ. ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ ಅಲ್ಲಿ ಭೀಮೆಯನ್ನು ಕೂಡುತ್ತದೆ. ಔದುಂಬರದ ನೆರಳು, ಭಸ್ಮದ ಗುಡ್ಡ, ನದಿಯ ಸ್ನಾನ ಮುಗಿಸಿ ಎಲ್ಲರೂ ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಹಾಗೆ ಹಿಂದಿರುಗುವ ಬದಲು ಡಾಂಬರು ಬಿಟ್ಟು ಹೊಲದ ಬದು, ಹಳ್ಳದ ದಂಡೆ, ಕಲ್ಲುಮಡ್ಡಿಯ ಕಾಲುದಾರಿ ಹಿಡಿದು ನೋಡಿ. ಹಿಕ್ಕೆ ಗುರುತಿಸುವ ವಿದ್ಯೆ ಕಲಿಯಲು ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕೆಂದೇನೂ ಇಲ್ಲ. ಅಫಜಲಪುರ, ಆಳಂದ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ದಟ್ಟ ಅಡವಿ ಇಲ್ಲ ನಿಜ. ಎರಿ ಹೊಲ, ಕಬ್ಬು, ಜಾಲಿ ಮೆಳೆ, ಹುಲ್ಲು ಮಡ್ಡಿ ಇವೆ. ಇಂಥ ನೆಲದಲ್ಲೇ ಚಿಗರಿ, ತೋಳ, ನರಿ, ಕಾಡುಹಂದಿ, ಮೊಲ, ಮುಂಗುಸಿ, ಮುಳ್ಳುಹಂದಿ, ಪುನುಗುಬೆಕ್ಕು ಬದುಕುತ್ತವೆ. ಹಗಲಲ್ಲಿ ಸಲೀಸಾಗಿ ಕಣ್ಣಿಗೆ ಬೀಳುವುದು ಚಿಗರಿ, ನವಿಲು, ಮುಂಗುಸಿ, ಅಷ್ಟೆ. ಮಿಕ್ಕವು ಬಂದು ಹೋದವು ಎನ್ನಲು ದಾರಿಯಲ್ಲಿ ಬಿದ್ದಿದ್ದನ್ನೇ ನೋಡಬೇಕು.

ಮಡ್ಡಿಗೆ ಹೋಗುವ ಮೊದಲು ಮನೆಯ ಗೋಡೆಯನ್ನೇ ನೋಡೋಣ. ಟ್ಯೂಬ್‌ಲೈಟಿನ ಕೆಳಗೆ ನೆಲದ ಮೇಲೆ ಬಿದ್ದ ಸಣ್ಣ ಕಪ್ಪು ತುಣುಕು ಹಲ್ಲಿಯದೋ ಇಲಿಯದೋ? ದಿನಾ ಕಸ ಗುಡಿಸುವವರಿಗೆ ಇದು ಪ್ರಶ್ನೆಯೇ ಅಲ್ಲ. ಒಂದು ತುದಿ ಬಿಳಿ ಇದ್ದರೆ ಹಲ್ಲಿ, ಪೂರ್ತಿ ಕಪ್ಪಿದ್ದರೆ ಇಲಿ. ಆ ಬಿಳಿ ಹಲ್ಲಿಯ ಮೂತ್ರ. ಹಲ್ಲಿ, ಉಡ, ಹಾವು, ಹಕ್ಕಿ ಇವೆಲ್ಲ ನೀರು ಉಳಿಸಲೆಂದು ಮೂತ್ರವನ್ನು ಯೂರಿಕ್ ಆಮ್ಲದ ಗಟ್ಟಿ ಬಿಳಿಯಾಗಿ ಮಾಡಿ ಮಲದ ಜೊತೆಗೇ ಹೊರಹಾಕುತ್ತವೆ. ನವಿಲಿನ ಹಿಕ್ಕೆಯ ಮೇಲೂ ಅದೇ ಬಿಳಿ. ಇನ್ನು ಹಳೆಯ ಗುಡಿಯ ಕತ್ತಲ ಮೂಲೆಯಲ್ಲಿ ಇಲಿಯದರಂಥ ಹಿಕ್ಕೆ ರಾಶಿ ಬಿದ್ದಿದ್ದರೆ ಕಡ್ಡಿಯಿಂದ ಒತ್ತಿ ನೋಡಿ. ಸುಲಭವಾಗಿ ಪುಡಿಯಾಗಿ ಒಳಗೆ ಮಿಣಮಿಣ ಚೂರುಗಳು ಕಂಡರೆ ಬಾವಲಿಯದು. ಮಿನುಗುವುದು ಅದು ತಿಂದ ಹುಳಗಳ ಮೈಸಿಪ್ಪೆ, ರೆಕ್ಕೆ. ಇಲಿಯದು ಒಣಗಿದರೆ ಗಟ್ಟಿಯಾಗುತ್ತದೆ, ಹೀಗೆ ಪುಡಿಯಾಗುವುದಿಲ್ಲ.

ಚಿತ್ರ ಹಾಕಿದ ಕೈಪಿಡಿಗಳು ಸಾಮಾನ್ಯವಾಗಿ ಆಕಾರದಿಂದ ಪಾಠ ಶುರುಮಾಡುತ್ತವೆ. ಉದ್ದ ಎಷ್ಟು, ದಪ್ಪ ಎಷ್ಟು, ತುದಿ ಚೂಪೋ ಮೊಂಡೋ ಎಂದು. ನನಗೆ ಇದು ತಲೆಕೆಳಗಾದ ಕ್ರಮ ಎನಿಸುತ್ತದೆ. ಇವತ್ತು ಮಾಂಸ ತಿಂದ ನರಿಯ ಮಲ ಒಂದು ಬಗೆ, ನಾಳೆ ಬಾರಿಹಣ್ಣು ತಿಂದರೆ ಅದೇ ನರಿಯ ಮಲ ಇನ್ನೊಂದು ಬಗೆ. ಆಕಾರವನ್ನು ನಂಬಿದವರಿಗೆ ಇದು ಎರಡು ಪ್ರಾಣಿ. ಹಾಗಾಗಿ ಮೊದಲು ಅದು ಬಿದ್ದ ಜಾಗ ನೋಡಬೇಕು, ಆಮೇಲೆ ಅದರ ಒಳಗೇನಿದೆ ಎಂದು ಬಿಡಿಸಿ ನೋಡಬೇಕು. ಅಳತೆಪಟ್ಟಿ ಕಿಸೆಯಿಂದ ಹೊರಬರುವುದು ಕೊನೆಗೆ.

ಚಿಗರಿಯನ್ನೇ ತೆಗೆದುಕೊಳ್ಳಿ. ಅದರ ಹಿಕ್ಕೆಯನ್ನೂ ಆಡಿನ ಹಿಕ್ಕೆಯನ್ನೂ ಪಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಎರಡೂ ಕಪ್ಪು, ಎರಡೂ ಒಂದು ಸೆಂಟಿಮೀಟರಿನ ಆಸುಪಾಸು. ಆದರೆ ಬಿದ್ದ ರೀತಿ ಬೇರೆ. ಆಡು ಮೇಯುತ್ತ, ನಡೆಯುತ್ತ ಉದುರಿಸುತ್ತದೆ. ದಾರಿಯುದ್ದ ಚೆಲ್ಲಾಪಿಲ್ಲಿ, ಜೊತೆಗೆ ಒತ್ತೊತ್ತಾಗಿ ನೂರಾರು ಗೊರಸಿನ ಗುರುತು. ಬೆಳೆ ಕಟಾವಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರಂತೂ ಇಡೀ ಹೊಲವೇ ಹಿಕ್ಕೆ. ಗಂಡು ಚಿಗರಿಯ ಕ್ರಮ ಹಾಗಲ್ಲ. ತನ್ನ ಎಲ್ಲೆ ಕಾಯುವ, ಮೈ ಕಪ್ಪಾದ ಗಂಡು ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಮೇಲೆ ಹಸಿ ಕಪ್ಪು, ಅದರ ಕೆಳಗೆ ಒಣಗಿದ ಕಂದು, ತಳದಲ್ಲಿ ಬಿಸಿಲಿಗೆ ಬೂದಿಬಣ್ಣವಾದ ಹಳೆಯದು. ಬಟಾಬಯಲಿನಲ್ಲಿ ಇಂಥ ಗುಡ್ಡೆ ಕಂಡರೆ ಅದು ಚಿಗರಿಯ ಬೇಲಿ ಎಂದು ತಿಳಿಯಬಹುದು. ಇನ್ನೊಂದು ಗಂಡು ಬಂದು ಮೂಸಿದರೆ ಈ ಜಾಗಕ್ಕೆ ಒಡೆಯನಿದ್ದಾನೆ ಎಂದು ಅದಕ್ಕೆ ಗೊತ್ತಾಗುತ್ತದೆ. ಗಂಡು ಆ ಗುಡ್ಡೆಯ ಮೇಲೆಯೇ ಮಲಗಿ ಮೆಲುಕು ಹಾಕುವುದೂ ಉಂಟು! ಇಷ್ಟು ಧೈರ್ಯವಾಗಿ ಹೇಳುವುದು ನಮ್ಮ ಕಡೆಯ ಮಾತಾದ್ದರಿಂದ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಗೆ ಹೋದರೆ ಅಲ್ಲಿ ಚಿಂಕಾರಗಳಿವೆ, ಅವೂ ಹೀಗೆಯೇ ಗುಡ್ಡೆ ಹಾಕುತ್ತವೆ. ಈ ಭಾಗದಲ್ಲಿ ಯಾವ ಪ್ರಾಣಿ ಇದೆ, ಯಾವುದು ಇಲ್ಲ ಎಂಬ ತಿಳುವಳಿಕೆಯೇ ಅರ್ಧ ಉತ್ತರ ಕೊಟ್ಟುಬಿಡುತ್ತದೆ.

ಮೊಲದ ಹಿಕ್ಕೆ ಗುಂಡಗೆ, ಸ್ವಲ್ಪ ಚಪ್ಪಟೆ, ಬಣ್ಣ ಒಣಹುಲ್ಲಿನದು. ಒಡೆದರೆ ಒಳಗೂ ಬರೀ ಹುಲ್ಲಿನ ನಾರು. ಮೊಲದ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ನಮಗೆ ದಾರಿಯಲ್ಲಿ ಸಿಗುವುದು ಅದರ ಎರಡನೆಯ ಸುತ್ತಿನ ಹಿಕ್ಕೆ. ಮೊದಲ ಸುತ್ತಿನದು ಮೆತ್ತಗಿರುತ್ತದೆ, ಅದನ್ನು ಮೊಲ ನೆಲಕ್ಕೆ ಬೀಳಲೂ ಬಿಡದೆ ತಾನೇ ತಿಂದುಬಿಡುತ್ತದೆ. ದನದಂತೆ ಮೆಲುಕು ಹಾಕುವ ನಾಲ್ಕು ಕೋಣೆಯ ಹೊಟ್ಟೆ ಅದಕ್ಕಿಲ್ಲ. ಹುಲ್ಲಿನಿಂದ ಸಾರವೆಲ್ಲ ತೆಗೆಯಲು ಅದೇ ಮೇವನ್ನು ಎರಡು ಸಲ ಹೊಟ್ಟೆಯೊಳಗೆ ಹಾಯಿಸುತ್ತದೆ.

ಕಾಡುಹಂದಿಗೆ ಹೆಚ್ಚು ಮಾತು ಬೇಕಿಲ್ಲ. ಗಂಟುಗಂಟಾದ ಮುದ್ದೆ, ಒಳಗೆ ಜೋಳದ ತರಿ, ಕಡಲೆ ಸಿಪ್ಪೆ, ಕಬ್ಬಿನ ನಾರು. ಪಕ್ಕದಲ್ಲೇ ಮೂತಿಯಿಂದ ಕೆದರಿದ ನೆಲ. ಬೆಳೆ ಕಳೆದುಕೊಂಡ ರೈತನಿಗೆ ಇದನ್ನು ರೇಡಿಯೊದಲ್ಲಿ ಹೇಳಿಕೊಡುವ ಅಗತ್ಯ ಇಲ್ಲ. ಮುಳ್ಳುಹಂದಿಯದು ಮಾತ್ರ ನೋಡುವಂಥದ್ದು. ಎರಡೂ ತುದಿ ಸಣ್ಣಗಾದ ಕದಿರಿನಂಥ ತುಂಡುಗಳು, ಗಟ್ಟಿ ನಾರಿನಿಂದ ಒಂದಕ್ಕೊಂದು ಹೆಣೆದುಕೊಂಡು ಕೆಲವು ಸಲ ಪೋಣಿಸಿದ ಸರದ ಹಾಗೆ ಬಿದ್ದಿರುತ್ತವೆ. ಬೇರು, ತೊಗಟೆ ಕಡಿದು ತಿನ್ನುವ ಪ್ರಾಣಿಯ ಹೊಟ್ಟೆಯಿಂದ ಇನ್ನೇನು ಬಂದೀತು?

ಹಣ್ಣು ತಿನ್ನುವ ಪ್ರಾಣಿಗಳ ಕಡೆ ಬಂದರೆ ಈ ಕೆಲಸಕ್ಕೆ ರುಚಿ ಹತ್ತುತ್ತದೆ. ಎತ್ತರದ ಬಂಡೆಯ ನೆತ್ತಿಯ ಮೇಲೆ, ಬಾಗಿದ ಮರದ ಕಾಂಡದ ಮೇಲೆ ಬರೀ ಬೀಜಗಳ ಗುಪ್ಪೆ ಕಂಡರೆ ಪುನುಗುಬೆಕ್ಕನ್ನು ನೆನೆಯಿರಿ. ಈಚಲ ಬೀಜ, ನೇರಳೆ ಬೀಜ ತೊಳೆದಿಟ್ಟಷ್ಟು ಚೊಕ್ಕಟವಾಗಿರುತ್ತವೆ. ಅದು ತಿರುಳನ್ನಷ್ಟೇ ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಹೊರಹಾಕುತ್ತದೆ. ನರಿಯೂ ಹಣ್ಣಿನ ಕಾಲದಲ್ಲಿ ಬಾರಿಹಣ್ಣನ್ನು ಹೊಟ್ಟೆ ತುಂಬ ತಿನ್ನುತ್ತದೆ, ಅದರ ಮಲದಲ್ಲಿ ಬೀಜದ ಜೊತೆ ಸಿಪ್ಪೆ, ಒಂದಿಷ್ಟು ಇಲಿಯ ಕೂದಲು, ಜೀರುಂಡೆಯ ಕಾಲು ಎಲ್ಲ ಕಲಸಿಕೊಂಡಿರುತ್ತವೆ. ಮುಂಗುಸಿಯದು ಕಿರುಬೆರಳಿಗಿಂತ ಸಣ್ಣ, ಹುರಿಗೊಂಡದ್ದು, ಅದರಲ್ಲಿ ಹುಳದ ರೆಕ್ಕೆ ಹೆಚ್ಚು. ಸಂಗಮದ ಔದುಂಬರವಿದೆಯಲ್ಲ, ನಮ್ಮ ಅತ್ತಿ ಮರ, ಅದರ ಹಣ್ಣಿನೊಳಗಿನ ಸಾಸಿವೆಗಿಂತ ಸಣ್ಣ ಬೀಜಗಳು ಹಕ್ಕಿ, ಬಾವಲಿ, ಪುನುಗು ಎಲ್ಲವುಗಳ ಹಿಕ್ಕೆಯಲ್ಲೂ ಸಿಗುತ್ತವೆ. ಹಳೆಯ ಗುಡಿಯ ಗೋಡೆಯ ಬಿರುಕಿನಲ್ಲಿ ಅರಳಿಯೋ ಬಸರಿಯೋ ಹುಟ್ಟುವುದೂ ಹೀಗೆಯೇ. ಬಳ್ಳಾರಿ ಜಾಲಿ ಮಡ್ಡಿಯಿಂದ ಮಡ್ಡಿಗೆ ಹಬ್ಬಿದ್ದರಲ್ಲಿ ಅದರ ಸಿಹಿ ಕಾಯಿ ತಿಂದ ದನ, ಆಡು, ಚಿಗರಿಗಳ ಪಾಲೂ ದೊಡ್ಡದು. ಹಿಕ್ಕೆಯೊಳಗಿನ ಬೀಜಕ್ಕೆ ಗೊಬ್ಬರ ಜೊತೆಯಲ್ಲೇ ಸಿಕ್ಕಂತಾಯಿತು.

ಇನ್ನು ನಾಯಿ, ತೋಳ, ನರಿ. ಕಷ್ಟ ಶುರುವಾಗುವುದು ಇಲ್ಲಿ.

ಗಾಣಗಾಪುರ ನಾಯಿಗಳಿಗೆ ಮಾನವಿರುವ ಊರು. ದತ್ತನ ಪಟದಲ್ಲಿ ಹಿಂದೆ ಆಕಳು, ಕಾಲಬಳಿ ನಾಲ್ಕು ನಾಯಿಗಳು. ನಾಲ್ಕು ವೇದಗಳೇ ಆ ನಾಯಿಗಳು ಎಂಬ ನಂಬಿಕೆ. ಮಧ್ಯಾಹ್ನದ ಮಧುಕರಿ ಭಿಕ್ಷೆಯ ಹೊತ್ತಿಗೆ ನಾಯಿಗೂ ಒಂದು ತುತ್ತು ಹಾಕುವವರಿದ್ದಾರೆ. ಹೀಗಾಗಿ ಸಂಗಮದ ಸುತ್ತ ದಾರಿಯಲ್ಲಿ ಸಿಗುವ ಮಾಂಸಾಹಾರಿಯ ಮಲದಲ್ಲಿ ಹೆಚ್ಚಿನದು ನಾಯಿಯದೇ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ರೊಟ್ಟಿ, ಅನ್ನ ತಿಂದ ನಾಯಿಯ ಮಲ ಒಂದೇ ಬಣ್ಣದ, ನುಣುಪಾದ ಮುದ್ದೆ, ಕೂದಲಿಲ್ಲ, ಎಲುಬಿಲ್ಲ, ಕೆಲವು ಸಲ ಪ್ಲಾಸ್ಟಿಕ್ ಚೂರು ಉಂಟು. ತೋಳದ್ದು ಕೂದಲಿನಿಂದ ಹುರಿಗೊಂಡಿರುತ್ತದೆ, ತುದಿ ಚೂಪಾಗಿ ಎಳೆದಂತಿರುತ್ತದೆ, ನಡುನಡುವೆ ಎಲುಬಿನ ಚೂರು. ದಪ್ಪ ಎರಡೂವರೆಯಿಂದ ಮೂರು ಸೆಂಟಿಮೀಟರ್, ಅಂದರೆ ಹೆಬ್ಬೆರಳಿಗಿಂತ ತುಸು ಹೆಚ್ಚು. ನರಿಯದು ಎರಡು ಸೆಂಟಿಮೀಟರಿನ ಹತ್ತಿರ. ಬಾಲದ ತುದಿ ಕಪ್ಪಾಗಿರುವ ಸಣ್ಣ ಬಯಲುನರಿಯದು ಅದಕ್ಕಿಂತ ತೆಳುವು. ಆದರೆ ಮರಿ ತೋಳದ್ದೂ ದೊಡ್ಡ ನರಿಯದೂ ಒಂದೇ ಅಳತೆಗೆ ಬಂದುಬಿಡುತ್ತವೆ. ಜಾಗ ಇಲ್ಲಿಯೂ ಸಹಾಯಕ್ಕೆ ಬರುತ್ತದೆ. ತೋಳ ಬಂಡಿದಾರಿಯಲ್ಲಿ ನಡೆಯುವುದನ್ನು ಇಷ್ಟಪಡುತ್ತದೆ, ದಾರಿ ಕವಲೊಡೆಯುವಲ್ಲಿ, ಎತ್ತರದ ಹುಲ್ಲು ಬುಡದ ಮೇಲೆ, ಬದುವಿನ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವಂತೆ ಮಲ ಬಿಡುತ್ತದೆ. ಅದು ಅದರ ಸಹಿ. ಹತ್ತಿರದ ಹುಡಿಮಣ್ಣಿನಲ್ಲಿ ಹೆಜ್ಜೆಯ ಸಾಲು ಸಿಕ್ಕರೆ ಮಾತು ಗಟ್ಟಿಯಾಗುತ್ತದೆ. ಸಿಗದಿದ್ದರೆ "ತೋಳ ಅಥವಾ ನಾಯಿ" ಎಂದೇ ಬರೆದುಕೊಳ್ಳಬೇಕು. ಅದೂ ಒಂದು ಉತ್ತರವೇ.

ಕುರಿಗಾರರನ್ನು ಕೇಳಿದರೆ ಈ ಸಂಶಯವೆಲ್ಲ ಅವರಿಗಿಲ್ಲ. "ಕಾಕಾ, ಇದು ತೋಳಂದೇ ಅಂತ ಹ್ಯಾಂಗ ಹೇಳ್ತೀರಿ?" ಅಂದರೆ, "ಕೂದಲಾ ನೋಡ್ರಿ ಸಾಹೇಬ್ರ, ಕರೀ ಉಣ್ಣೆ ಅದ. ಕುರೀ ತಿಂದದ. ನಾಯಿಗ್ಯಾರು ಕುರೀ ಹಾಕ್ತಾರ?" ಎನ್ನುತ್ತಾರೆ. ಅವರ ಕಣ್ಣು ಸುಳ್ಳಾಡುವುದಿಲ್ಲ. ಕಂಬಳಿಗೆ ಉಣ್ಣೆ ಕೊಡುವ ದಖ್ಖನಿ ಕುರಿಯ ಗುಂಗುರು ಕಪ್ಪು ಕೂದಲು ಮಲದಲ್ಲಿ ಹಾಗೆಯೇ ಉಳಿಯುತ್ತದೆ, ಕೆಂಗುರಿಯಾದರೆ ಕೆಂಪು. ಆದರೆ ಆ ಕೂದಲು ಹೇಳುವುದು ಏನು ತಿಂದಿದೆ ಎಂಬುದನ್ನು ಮಾತ್ರ. ತಿಂದವರು ಯಾರು ಎಂದು ಅದು ಹೇಳದು, ಕೊಂದವರು ಯಾರು ಎಂದಂತೂ ಹೇಳಲೇ ಆರದು. ಸತ್ತ ಕುರಿಯನ್ನು ಊರಾಚೆ ಎಸೆದರೆ ಬೀದಿನಾಯಿಯೂ ತಿನ್ನುತ್ತದೆ, ನರಿಯೂ ತಿನ್ನುತ್ತದೆ. ಗುಂಪುಕಟ್ಟಿದ ನಾಯಿಗಳು ತಾವೇ ಕುರಿ ಹಿಡಿಯುವುದನ್ನೂ ನಮ್ಮ ಹಳ್ಳಿಗಳು ಕಂಡಿವೆ. ತೋಳ ಕುರಿ ಒಯ್ಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಒಯ್ಯುತ್ತದೆ. ಚಿಗರಿ ಕಡಿಮೆಯಾದ ಕಡೆ ಇನ್ನೂ ಹೆಚ್ಚು ಒಯ್ಯುತ್ತದೆ. ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ, ಹುಲ್ಲುಗಾವಲಿನ ಅಭಯಾರಣ್ಯದಲ್ಲಿ, ತೋಳ ಚಿಗರಿಯನ್ನೂ ಬೇಟೆಯಾಡುತ್ತದೆ, ಕುರಿಯನ್ನೂ ಹಿಡಿಯುತ್ತದೆ. ಯಾವುದು ಎಷ್ಟು ಎಂಬ ಲೆಕ್ಕ ಮಾತ್ರ ಸಿಟ್ಟಿನಿಂದ ಸಿಗದು, ಮಲ ಬಿಡಿಸಿ ಕೂದಲು ಎಣಿಸಿದರೆ ಸಿಗುತ್ತದೆ.

ಕತ್ತೆಕಿರುಬದ್ದನ್ನು ಮಾತ್ರ ಒಮ್ಮೆ ಕಂಡವರು ಮರೆಯುವುದಿಲ್ಲ. ಹಸಿಯಿದ್ದಾಗ ಹಸಿರು ಛಾಯೆ, ಒಣಗಿದ ಮೇಲೆ ಅಪ್ಪಟ ಬಿಳಿ, ಮುಟ್ಟಿದರೆ ಸುಣ್ಣದ ಪುಡಿ. ಬೇರೆ ಪ್ರಾಣಿಗಳು ಬಿಟ್ಟುಹೋದ ಎಲುಬನ್ನು ಅದು ಕಡಿದು ನುಂಗಿ ಅರಗಿಸಿಕೊಳ್ಳುತ್ತದೆ, ಉಳಿಯುವುದು ಆ ಎಲುಬಿನ ಸುಣ್ಣ. ಒಂದೇ ಜಾಗದಲ್ಲಿ ಹಲವು ಬಿಳಿ ಉಂಡೆಗಳು ಸಿಕ್ಕರೆ ಅದು ಅವುಗಳ ಶೌಚದ ಜಾಗ. ಎಲುಬು ತಿಂದ ನಾಯಿಯದೂ ಬಿಸಿಲಿಗೆ ಬೆಳ್ಳಗಾಗುತ್ತದೆ, ಆದರೆ ಅದು ಒಂಟಿಯಾಗಿ ಎಲ್ಲೋ ಬಿದ್ದಿರುತ್ತದೆ. ನಮ್ಮದೇ ಜಿಲ್ಲೆಯ ಚಿಂಚೋಳಿ ವನ್ಯಧಾಮದಲ್ಲಿ ತೋಳವೂ ಇದೆ, ಕತ್ತೆಕಿರುಬವೂ ಇದೆ. ಅಲ್ಲಿಗೆ ಹೋಗುವವರು ನೆನಪಿಡಿ, ವನ್ಯಧಾಮದೊಳಗಿಂದ ಅನುಮತಿಯಿಲ್ಲದೆ ಏನನ್ನೂ ಎತ್ತಿಕೊಂಡು ಬರುವಂತಿಲ್ಲ, ಒಣಗಿದ ಮಲವನ್ನೂ ಸಹ. ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಡಿ, ಸಾಕು.

ಕೂದಲು ಎಣಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ನಮ್ಮ ರಾಜ್ಯದಲ್ಲೇ ಅದಕ್ಕೆ ದೊಡ್ಡ ಪರಂಪರೆಯಿದೆ. 1970ರ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕಾಡುನಾಯಿಗಳ ಹಿಂದೆ ಬಿದ್ದು ಅವುಗಳ ಮಲ ಕೂಡಿಹಾಕಿದರು. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಹುಲಿ, ಚಿರತೆ, ಕಾಡುನಾಯಿ ಮೂರೂ ಯಾವ ಯಾವ ಬೇಟೆಯನ್ನು ಆರಿಸಿಕೊಳ್ಳುತ್ತವೆ ಎಂಬುದನ್ನು 1995ರಲ್ಲಿ ಪ್ರಕಟಿಸಿದರು. ಮಲವನ್ನು ನೀರಲ್ಲಿ ತೊಳೆದು ಜರಡಿ ಹಿಡಿದು ಕೂದಲು, ಎಲುಬು, ಗೊರಸಿನ ಚೂರು ಬೇರ್ಪಡಿಸುತ್ತಾರೆ. ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೇಲಿನ ಪೊರೆಯ ವಿನ್ಯಾಸ, ಒಳಗಿನ ತಿರುಳಿನ ರಚನೆ ಒಂದೊಂದು ಪ್ರಾಣಿಗೂ ಬೇರೆ. ಬರಿಗಣ್ಣಿಗೆ ಆಡಿನ ಕೂದಲೂ ಚಿಗರಿಯ ಕೂದಲೂ ಒಂದೇ. ಇದರಲ್ಲೂ ಒಂದು ತೊಡಕಿದೆ. ದೊಡ್ಡ ಬೇಟೆಯಲ್ಲಿ ಮಾಂಸ ಹೆಚ್ಚು, ಅದರ ಲೆಕ್ಕಕ್ಕೆ ಕೂದಲು ಕಡಿಮೆ. ಸಣ್ಣ ಪ್ರಾಣಿಯಲ್ಲಿ ಕೂದಲೇ ಹೆಚ್ಚು. ಬರೀ ಮಲದ ತುಂಡು ಎಣಿಸಿದರೆ ಇಲಿ ಮೊಲಗಳ ಪಾಲು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬೇಕಾಗುತ್ತದೆ.

ಕಬ್ಬು ಬೆಳೆಯುವ ನಮ್ಮ ಭೀಮಾತೀರದವರು ಗಮನಿಸಬೇಕಾದ ಅಧ್ಯಯನ ಪಕ್ಕದ ಮಹಾರಾಷ್ಟ್ರದ ಅಕೋಲೆಯದು. ಆಗಿನ ಅಹಮದನಗರ ಜಿಲ್ಲೆಯ ಆ ಕಣಿವೆಯಲ್ಲಿ ಅಡವಿಯಿಲ್ಲ, ಕಬ್ಬಿದೆ, ಕಬ್ಬಿನೊಳಗೆ ಚಿರತೆಗಳಿವೆ. ಆಡು ಹೋಯಿತು, ಕರು ಹೋಯಿತು ಎಂಬ ಕೂಗು ಅಲ್ಲಿಯೂ ಇತ್ತು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಗಳ ಮಲ ಬಿಡಿಸಿ ನೋಡಿದಾಗ ತಿಂದ ಮಾಂಸದ ತೂಕದಲ್ಲಿ ಶೇಕಡಾ 87 ಸಾಕುಪ್ರಾಣಿಗಳದೇ ಎಂದು ಗೊತ್ತಾಯಿತು. ರೈತರ ಮಾತು ನಿಜವಾಯಿತು ಎನ್ನಬೇಕು ಅಷ್ಟರಲ್ಲಿ ಒಳಲೆಕ್ಕ ಬೇರೆಯೇ ಹೇಳಿತು. ಒಟ್ಟು ತೂಕದಲ್ಲಿ ಶೇಕಡಾ 39 ನಾಯಿ, ಆಡಿನ ಪಾಲು ಶೇಕಡಾ 11 ಮಾತ್ರ. ಊರಲ್ಲಿ ನಾಯಿಗಿಂತ ಆಡೇ ಎಷ್ಟೋ ಪಟ್ಟು ಹೆಚ್ಚು ಇದ್ದರೂ! ಆಡನ್ನು ಸಂಜೆ ದಡ್ಡಿಗೆ ಹಾಕಿ ಬಾಗಿಲು ಮುಚ್ಚುತ್ತಾರೆ, ಬೀದಿನಾಯಿಗೆ ಬಾಗಿಲಿಲ್ಲ. ಕಸದ ಗುಡ್ಡೆ ನಾಯಿಯನ್ನು ಸಾಕಿತು, ನಾಯಿ ಚಿರತೆಯನ್ನು ಸಾಕಿತು. ಈ ಲೆಕ್ಕ ಮಲದೊಳಗಿನ ಕೂದಲಿನಿಂದ ಹೊರಬಿತ್ತು.

ತಿಂದವರು ಯಾರು ಎಂಬ ಪ್ರಶ್ನೆಗೂ ಈಗ ಪ್ರಯೋಗಾಲಯದಲ್ಲಿ ಉತ್ತರ ಸಿಗುತ್ತದೆ. ಮಲ ಕರುಳಿನಿಂದ ಜಾರಿ ಬರುವಾಗ ಕರುಳಿನ ಒಳಪೊರೆಯ ಜೀವಕೋಶಗಳೂ ಅದರ ಮೈಗೆ ಅಂಟಿಕೊಂಡು ಬರುತ್ತವೆ. ಅವುಗಳಿಂದ ಡಿಎನ್‌ಎ ತೆಗೆದರೆ ನಾಯಿಯೋ ತೋಳವೋ ಎಂದಷ್ಟೇ ಅಲ್ಲ, ಯಾವ ತೋಳ ಎಂದೂ ಹೇಳಬಹುದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ ಬಂಡೀಪುರದ ಹುಲಿಗಳನ್ನು ಹೀಗೆ ಮಲದಿಂದಲೇ ಎಣಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ಯಾಮೆರಾ ಕಟ್ಟಿ ಎಣಿಸಿದ ಲೆಕ್ಕಕ್ಕೆ ಅದು ಹತ್ತಿರವೇ ಬಂತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲೂ ವನ್ಯಪ್ರಾಣಿಗಳ ಡಿಎನ್‌ಎ ಗುರುತಿಸುವ ವಿಭಾಗವಿದೆ. ಬಿಸಿಲು ಮಾತ್ರ ಇದಕ್ಕೆ ಶತ್ರು. ಬೆಳಗಿನ ಹಸಿ ಮಲದಲ್ಲಿ ಸಿಗುವ ಡಿಎನ್‌ಎ ನಾಲ್ಕು ದಿನ ಬಿಸಿಲುಂಡದ್ದರಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಬಿಸಿಲಿನ ಮಾತು ಬಂತು. ಹಳೆಯದೋ ಹೊಸದೋ ಎಂದು ಹೇಳುವುದು ಕಲಬುರಗಿಯ ಬೇಸಿಗೆಯಲ್ಲಿ ಬಲು ಕಷ್ಟ. ತಾಪ 40 ಡಿಗ್ರಿ ದಾಟಿದಾಗ ಬೆಳಿಗ್ಗೆ ಬಿದ್ದದ್ದು ಸಂಜೆಗೆ ಹೊರಗೆಲ್ಲ ಒಣಗಿರುತ್ತದೆ. ಮೇಲ್ಮೈ ನೋಡಿ ಹೇಳಬೇಡಿ, ಕಡ್ಡಿಯಿಂದ ಮುರಿದು ಒಳಗೆ ಪಸೆ ಇದೆಯೇ ನೋಡಿ. ಕಡ್ಡಿಯಿಂದಲೇ, ಕೈಯಿಂದ ಖಂಡಿತ ಬೇಡ. ನಾಯಿ, ತೋಳ, ನರಿಗಳ ಮಲದಲ್ಲಿ ಲಾಡಿಹುಳುವಿನ ಜಾತಿಯ ಒಂದು ಹುಳದ ಮೊಟ್ಟೆಗಳಿರಬಹುದು. ಮನುಷ್ಯನ ಹೊಟ್ಟೆ ಸೇರಿದರೆ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗಿ ಬೆಳೆದು, ವರ್ಷಗಳ ಮೇಲೆ ಶಸ್ತ್ರಚಿಕಿತ್ಸೆಯವರೆಗೂ ಕೊಂಡೊಯ್ಯುತ್ತವೆ. ಒಣ ಮಲವನ್ನು ಮೂಗಿನ ಹತ್ತಿರ ಹಿಡಿದು ಮೂಸುವ ಹುಮ್ಮಸ್ಸೂ ಬೇಡ. ಬಾವಲಿ ಹಿಕ್ಕೆಯ ಧೂಳಿರುವ ಗುಡಿಯಲ್ಲಿ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮನೆಗೆ ಬಂದ ಮೇಲೆ ಸಾಬೂನು ಹಚ್ಚಿ ಕೈ ತೊಳೆದು ಊಟಕ್ಕೆ ಕುಳಿತರಾಯಿತು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಮೊದಲ ಮಳೆ ಬಿದ್ದದ್ದೇ ತಡ, ಸಗಣಿ ಹುಳಗಳು ನೆಲದಿಂದ ಏಳುತ್ತವೆ. ಬೆಳಿಗ್ಗೆ ಬಿದ್ದ ಲದ್ದಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗಿ ಮಣ್ಣಲ್ಲಿ ಹೂತು ಮೊಟ್ಟೆಯಿಡುತ್ತವೆ. ಉಳಿದದ್ದನ್ನು ಗೆದ್ದಲು ತಿಂದು ಮುಗಿಸುತ್ತದೆ, ಎರಿ ಮಣ್ಣು ಕಾಲಿಗೆ ಅಂಟಿ ನಡೆಯಲೂ ಬಿಡುವುದಿಲ್ಲ. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ ಬರಲಿ. ಜಾತ್ರೆಯ ಗದ್ದಲ ಮುಗಿದು ಒಂದು ವಾರವಾದ ಮೇಲೆ, ಬಿಳಿಜೋಳ ಬೆಳೆದು ನಿಂತ ಆ ಚಳಿಯ ದಿನಗಳಲ್ಲಿ, ಬಿಸಿಲೇರುವ ಮೊದಲು ಹೊರಡಿ. ಒಂದು ನೋಟುಬುಕ್ಕು, ಪೆನ್ಸಿಲ್ಲು, ಒಂದು ಜಾಲಿ ಕಡ್ಡಿ ಕೈಯಲ್ಲಿರಲಿ. ಸಾಧ್ಯವಾದರೆ ಮಡ್ಡಿ ಬಲ್ಲ ಒಬ್ಬ ಕುರಿಗಾರ ಕಾಕಾನನ್ನೂ ಜೊತೆಗೆ ಕರೆದುಕೊಳ್ಳಿ. ಅವರ ಜೊತೆ ವಾದ ಮಾಡಲು ಇಷ್ಟು ಮಾತುಗಳು ಸಾಕು.